ಸೋತವನ ದೂರನ್ನು ಕೇಳುವವರಾರು?

ಹಣವನ್ನು ಪಣವಾಗಿಟ್ಟು ಆಡುವ ಸಕಲ ಆನ್‌ಲೈನ್ ಆಟಗಳನ್ನೂ, ಅವು ಕೌಶಲವನ್ನೇ ನೆಚ್ಚಿದವಾಗಿರಲಿ ಅದೃಷ್ಟವನ್ನೇ ನೆಚ್ಚಿದವಾಗಿರಲಿ, ಭೇದವೆಣಿಸದೆ ನಿಷೇಧಿಸುವ ಮಸೂದೆಯನ್ನು ಲೋಕಸಭೆಯು 2025ರ ಆಗಸ್ಟ್ 20ರಂದೂ ರಾಜ್ಯಸಭೆಯು ಅದರ ಮರುದಿನವೂ ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆತ ಮೇಲೆ, ಪೋಕರ್ ತಾಣಗಳ ಮೇಲ್ವಿಚಾರಣೆಗೆ ಒಂದು ಪ್ರಾಧಿಕಾರ ಬೇಕೇ ಬೇಡವೇ ಎಂಬ ಚರ್ಚೆಯೇ ಮುಗಿದುಹೋಯಿತೆಂದು ಅನೇಕರು ಭಾವಿಸಿದ್ದಾರೆ. ಇಲ್ಲವೆಂದು ಸಾರಿದುದನ್ನು ನಿಯಂತ್ರಿಸುವುದೆಂತು ಎಂಬುದು ಅವರ ತರ್ಕ. ಕಾಗದದ ಮೇಲೆ ಈ ತರ್ಕ ನಿರ್ದುಷ್ಟವಾಗಿದೆ. ಆದರೆ ಅಂಗಡಿಯಿಲ್ಲದ, ಊರಿಲ್ಲದ, ಅಂಗೈಯ ಫೋನಿನಲ್ಲಿ ಅರ್ಧರಾತ್ರಿಯಲ್ಲಿಯೂ ತೆರೆದುಕೊಳ್ಳುವ ಒಂದು ವ್ಯವಹಾರವು ಶಾಸನದ ಮಾತ್ರದಿಂದಲೇ ಅಳಿಯುವುದೆಂದು ನಂಬುವುದಕ್ಕೆ ನಮ್ಮ ಅನುಭವವು ಎಡೆಗೊಡುವುದಿಲ್ಲ.

ಈ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಏಳು ದಶಕಗಳಿಂದ ಜಿಜ್ಞಾಸೆ ನಡೆಸುತ್ತ ಬಂದಿರುವುದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ: ಆಟವು ಕೌಶಲದ್ದೋ ಅದೃಷ್ಟದ್ದೋ? ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಪದಬಂಧ ಸ್ಪರ್ಧೆಯು ಗಡಿಯಾಚೆಯ ಮುಂಬಯಿ ಪ್ರಾಂತ್ಯದಲ್ಲಿ ಹಣ ಸಂಗ್ರಹಿಸುತ್ತಿದ್ದುದರಿಂದ ಹುಟ್ಟಿದ ಚಮರ್‌ಬಾಗ್‌ವಾಲಾ ಮೊಕದ್ದಮೆಯಲ್ಲಿ, ಜೂಜು ವ್ಯಾಪಾರವೆಂಬ ಗೌರವಕ್ಕೆ ಅರ್ಹವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ನಿರ್ಣಯಿಸಿತು. 1968ರಲ್ಲಿ ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿಯ ಅಗತ್ಯವಿಲ್ಲವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿದರೆ, ಅದೇ ಆಟವನ್ನು 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಜೂಜೆಂದು ಪರಿಗಣಿಸಿತು. ನಮ್ಮ ರಾಜ್ಯವು ಪೊಲೀಸ್ ಕಾಯ್ದೆಯನ್ನು ತಿದ್ದಿ 2021ರ ಅಕ್ಟೋಬರ್ 5ರಿಂದ ಜಾರಿಗೆ ತಂದ ನಿಷೇಧದ ಮುಖ್ಯ ಕಲಮುಗಳು 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದುದೂ ಈ ಭೇದದ ಬಲದಿಂದಲೇ. ಆದರೂ ಸಂವಿಧಾನಕ್ಕೆ ಅನುಗುಣವಾದ ಬೇರೆ ಶಾಸನವನ್ನು ತರಲು ಅಡ್ಡಿಯಿಲ್ಲವೆಂದು ಆ ಪೀಠವು ಸ್ಪಷ್ಟಪಡಿಸಿತ್ತು.

ಕೌಶಲ–ಅದೃಷ್ಟಗಳ ಈ ವಿವೇಚನೆ ಮೂಲಭೂತ ಹಕ್ಕುಗಳ ದೃಷ್ಟಿಯಿಂದ ಆವಶ್ಯಕವೇ ಸರಿ. ಆದರೆ ಅದರಿಂದ ಹೊರಡುವ ಲೌಕಿಕ ಸಿದ್ಧಾಂತವು ತಾಣಗಳ ಒಡೆಯರು ಹೇಳುವುದಕ್ಕೆ ನೇರ ವಿರುದ್ಧವಾಗಿದೆ. ಕೇವಲ ಅದೃಷ್ಟದ ಆಟದಲ್ಲಿ ಸೋಲು ಇಂದು ಒಬ್ಬನ ಪಾಲಿಗೆ, ನಾಳೆ ಮತ್ತೊಬ್ಬನ ಪಾಲಿಗೆ ಬರುತ್ತದೆ. ಪೋಕರಿನಲ್ಲಿ ಒಂದು ರಾತ್ರಿಯ ಫಲವನ್ನು ಎಲೆಗಳು ತೀರ್ಮಾನಿಸಿದರೂ ಒಂದು ವರ್ಷದ ಫಲವನ್ನು ತೀರ್ಮಾನಿಸುವುದು ಬುದ್ಧಿ, ಲೆಕ್ಕಾಚಾರ ಮತ್ತು ಕೈಯಲ್ಲಿರುವ ಬಂಡವಾಳ. ಆದಕಾರಣ ಅಲ್ಲಿ ಹಣವು ಅನಭಿಜ್ಞನಿಂದ ಅಭಿಜ್ಞನ ಕಡೆಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಮತ್ತು ಪ್ರತಿಯೊಂದು ಬಾಜಿಯಿಂದಲೂ ತನ್ನ ಕಮಿಷನ್ ಮುರಿದುಕೊಳ್ಳುವ ತಾಣವು ಯಾರು ಸೋತರೂ ಗೆಲ್ಲುತ್ತದೆ. ಆಟವು ಕೌಶಲದ್ದೆಂದು ಎಷ್ಟೆಷ್ಟು ದೃಢವಾಗಿ ಸಾಧಿಸುತ್ತೇವೆಯೋ, ಕೌಶಲವಿಲ್ಲದವನಿಗೆ ರಕ್ಷಣೆ ಬೇಕೆಂಬುದನ್ನೂ ಅಷ್ಟಷ್ಟು ದೃಢವಾಗಿ ಒಪ್ಪಬೇಕಾಗುತ್ತದೆ.

ಮೇಲ್ವಿಚಾರಣೆಯ ಕಲ್ಪನೆಯು ಪಶ್ಚಿಮದಿಂದ ಆಮದಾದುದೆಂದು ಎಣಿಸುವುದು ತಪ್ಪು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿ, ಆಟವು ಒಂದೇ ನಿಯತ ಸ್ಥಳದಲ್ಲಿ ನಡೆಯತಕ್ಕದ್ದೆಂದೂ ಅನ್ಯತ್ರ ಆಡಿದವನು ಹನ್ನೆರಡು ಪಣ ದಂಡ ತೆರತಕ್ಕದ್ದೆಂದೂ ವಿಧಿಸುತ್ತದೆ. ಉಚ್ಚಂಗಿಯ ಪಾಂಡ್ಯರು ಯಾವ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಉಚ್ಚಂಗಿದುರ್ಗದಿಂದ ನೊಳಂಬವಾಡಿಯನ್ನು ಆಳಿದರೋ ಆ ವಂಶದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ದ್ಯೂತಕ್ಕೊಂದು ಪ್ರಕರಣವಿದೆ: ಜೂಜಿನ ಮನೆಯನ್ನು ನಡೆಸುವ ಸಭಿಕನು ನೂರಕ್ಕೆ ಐದರಂತೆ, ಕೆಲವೆಡೆ ಹತ್ತರಂತೆ ತನ್ನ ಪಾಲನ್ನು ಪಡೆಯಬಹುದು, ಅದರಲ್ಲಿ ಅರಸನ ಭಾಗವನ್ನು ಸಲ್ಲಿಸಬೇಕು, ಗೆದ್ದವನಿಗೆ ಗೆದ್ದುದನ್ನು ವಸೂಲುಮಾಡಿ ಕೊಡಬೇಕು, ಕಪಟದ ದಾಳಗಳಿಂದ ಆಡಿದವನನ್ನು ಮುದ್ರೆಯೊತ್ತಿ ದೇಶದಿಂದ ಹೊರಗಟ್ಟಬೇಕು. ಮನುವಾದರೋ ದ್ಯೂತವನ್ನು ರಾಜ್ಯದಿಂದಲೇ ನಿವಾರಿಸಬೇಕೆಂಬ ಪಕ್ಷದವನು. ನಿಷೇಧ, ನಿಯಂತ್ರಣಗಳೆಂಬ ಎರಡು ಪಕ್ಷಗಳೂ ಹೀಗೆ ನಮ್ಮಲ್ಲಿ ಪ್ರಾಚೀನವಾದವೇ. ಆದರೆ ನಿಯಂತ್ರಣವನ್ನು ಬಯಸಿದ ಆ ಪ್ರಾಚೀನರು ಅರಸನ ಬೊಕ್ಕಸವನ್ನೂ ಗೆದ್ದವನ ಹಕ್ಕನ್ನೂ ಕಳ್ಳರ ಪತ್ತೆಯನ್ನೂ ಚಿಂತಿಸಿದರಲ್ಲದೆ, ಸೋತವನ ಮನೆಯ ಗತಿಯೇನೆಂದು ಕೇಳಲಿಲ್ಲ. ಇಂದಿನ ಪ್ರಾಧಿಕಾರವು ಆ ನ್ಯೂನತೆಯನ್ನು ತುಂಬದಿದ್ದರೆ ಅದು ಹೊಸ ಹೆಸರಿನ ಹಳೆಯ ಸುಂಕದಕಟ್ಟೆಯಾದೀತು.

ಹೊರದೇಶಗಳ ಇತಿಹಾಸವೂ ಇದನ್ನೇ ಸಾರುತ್ತದೆ. ‘ಅಬ್ಸಲ್ಯೂಟ್ ಪೋಕರ್’ ತಾಣದಲ್ಲಿ ಕೆಲವರು ಎದುರಾಳಿಗಳ ಎಲೆಗಳನ್ನು ಕಾಣಬಲ್ಲವರಾಗಿ ಆಡಿದ ವಂಚನೆ 2007ರಲ್ಲಿ ಬಯಲಾದಾಗ, ಅದಕ್ಕೆ ಪರವಾನಗಿ ಕೊಟ್ಟಿದ್ದ ಕೆನಡಾದ ಕಾನವಾಕೆ ಆಯೋಗವು ಐದು ಲಕ್ಷ ಡಾಲರ್ ದಂಡ ವಿಧಿಸಿ ತಾಣವನ್ನು ಮುಂದುವರಿಯಗೊಟ್ಟಿತು. 2011ರ ಏಪ್ರಿಲ್ 15ರಂದು ಅಮೆರಿಕದ ಸರಕಾರವು ದೊಡ್ಡ ಪೋಕರ್ ತಾಣಗಳ ಮೇಲೆ ಕೈಯಿಟ್ಟಾಗ, ಆಲ್ಡರ್ನಿ ಎಂಬ ಪುಟ್ಟ ದ್ವೀಪದ ಪರವಾನಗಿ ಹೊಂದಿದ್ದ ‘ಫುಲ್ ಟಿಲ್ಟ್’ ತನ್ನ ಆಟಗಾರರ ಠೇವಣಿಯನ್ನು ಪ್ರತ್ಯೇಕವಾಗಿರಿಸದೆ ವೆಚ್ಚಮಾಡಿಕೊಂಡಿತ್ತೆಂಬುದು ಬೆಳಕಿಗೆ ಬಂತು. ಎರಡು ಕಡೆಗಳಲ್ಲಿಯೂ ಪ್ರಾಧಿಕಾರವಿತ್ತು. ಕಾವಲು ಮಾತ್ರ ಇರಲಿಲ್ಲ. 2005ರ ಶಾಸನದಿಂದ ಆಯೋಗವೊಂದನ್ನು ಸ್ಥಾಪಿಸಿದ ಬ್ರಿಟನ್ನು ಸಹ, ಕ್ರೆಡಿಟ್ ಕಾರ್ಡಿನ ಸಾಲದಿಂದ ಜೂಜಾಡುವುದನ್ನು ತಡೆದುದೂ, ತನ್ನನ್ನು ಆಟದಿಂದ ಹೊರಗಿಡಿರೆಂದು ಕೇಳಿಕೊಂಡವನಿಗೆ ಸಕಲ ತಾಣಗಳ ಬಾಗಿಲನ್ನೂ ಒಟ್ಟಿಗೆ ಮುಚ್ಚುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದುದೂ 2020ರಲ್ಲಿ, ಅಂದರೆ ಹದಿನೈದು ವರ್ಷಗಳು ಕಳೆದ ಮೇಲೆ.

ಹಾಗಾದರೆ ನಿಷೇಧವೇ ಲೇಸಲ್ಲವೇ ಎಂಬ ಪ್ರತಿವಾದವನ್ನು ಹಗುರವಾಗಿ ಕಾಣಲಾಗದು. ಸರಕಾರದ ಮುದ್ರೆಯು ದುರ್ವ್ಯಸನಕ್ಕೆ ಮರ್ಯಾದೆಯನ್ನು ತಂದುಕೊಡುತ್ತದೆ. ನಮ್ಮ ರಾಜ್ಯದಲ್ಲಿ ಲಾಟರಿಯು ಸರಕಾರದ ಕಣ್ಗಾವಲಿನಲ್ಲಿಯೇ ನಡೆದರೂ ಕೂಲಿಕಾರರ ದಿನಗೂಲಿಯನ್ನು ನುಂಗದೆ ಬಿಡಲಿಲ್ಲ, 2007ರಲ್ಲಿ ಅದನ್ನು ನಿಲ್ಲಿಸಿದಾಗ ಎಷ್ಟೋ ಸಂಸಾರಗಳು ನಿಟ್ಟುಸಿರುಬಿಟ್ಟವು. ಆದರೆ ಆ ನಿಷೇಧ ಫಲಿಸಿದುದು ಲಾಟರಿಗೆ ಅಂಗಡಿಯಿದ್ದುದರಿಂದ, ಚೀಟಿಯಿದ್ದುದರಿಂದ, ಸಂತೆಯಲ್ಲಿ ಕೂಗಿ ಮಾರುವವನಿದ್ದುದರಿಂದ. ಅಂಗಡಿಯ ಅಗತ್ಯವಿಲ್ಲದ ಮಟ್ಕಾ ಮತ್ತು ಓಸಿಗಳು ಎಂದಿನಿಂದಲೂ ಅಪರಾಧಗಳಾಗಿಯೇ ಇದ್ದು, ಎಂದಿಗೂ ಅಳಿಯಲಿಲ್ಲ. ಒಂದಂಕಿ ಲಾಟರಿಯು 2015ರಲ್ಲಿ ಪೊಲೀಸ್ ಇಲಾಖೆಯನ್ನೇ ನಡುಗಿಸಿದ ಹಗರಣವಾಗಿ ಹೊರಬಿತ್ತು. ಕಣ್ಣಿಗೆ ಕಾಣುವುದನ್ನು ನಿಷೇಧವು ಅಳಿಸಬಲ್ಲುದು, ಕಾಣದುದನ್ನು ಅದು ಇನ್ನಷ್ಟು ಆಳಕ್ಕೆ ದೂಡುತ್ತದೆ. ಆನ್‌ಲೈನ್ ಪೋಕರು ಇವೆರಡರಲ್ಲಿ ಯಾವ ವರ್ಗಕ್ಕೆ ಸೇರಿದುದೆಂಬುದನ್ನು ವಿವರಿಸಬೇಕಾಗಿಲ್ಲ. ಹೊಸ ಶಾಸನದ ಬೆನ್ನಲ್ಲೇ ಹೆಸರಾಂತ ದೇಶೀಯ ತಾಣಗಳು ಹಣದಾಟವನ್ನು ನಿಲ್ಲಿಸಿದುದು ನಿಜ. ಕಾನೂನಿಗೆ ಅಂಜಿ ನಿಲ್ಲಿಸಿದವರು ಕಾನೂನಿನ ಕೈಗೆ ಸಿಕ್ಕುವವರು. ಪರದೇಶದಲ್ಲಿ ಕುಳಿತವರಿಗೆ ಆ ಅಂಜಿಕೆಯಿಲ್ಲ.

ಈ ವಾದವನ್ನು ಉದಾಹರಣೆಗಾಗಿ ಉಚ್ಚಂಗಿದುರ್ಗದ ಸುತ್ತಣ ಸೀಮೆಗೆ ಅನ್ವಯಿಸಿ ನೋಡಬೇಕು. ಹರಪನಹಳ್ಳಿಯ ಮೆಕ್ಕೆಜೋಳವಾಗಲಿ ಕೂಡ್ಲಿಗಿ, ಕೊಟ್ಟೂರುಗಳ ಶೇಂಗಾ ಆಗಲಿ, ಮಳೆಯನ್ನು ನಂಬಿದ ಬೆಳೆಯ ಹಣವು ವರ್ಷಕ್ಕೊಮ್ಮೆ ಇಡಿಯಾಗಿ ಕೈಗೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋದವರ ದುಡಿಮೆಯು ಫೋನಿನ ಮೂಲಕವೇ ಮನೆಗೆ ತಲಪುತ್ತದೆ. ಹಣ ಬರುವ ಸಾಧನವೂ ಆಟದ ಸಾಧನವೂ ಒಂದೇ ಆಗಿರುವಲ್ಲಿ ಇವುಗಳ ನಡುವಣ ಅಂತರ ಬೆರಳಿನ ಒಂದು ಸ್ಪರ್ಶದಷ್ಟು ಮಾತ್ರ. ಊರ ಹೊರಗಿನ ಇಸ್ಪೀಟು ಅಡ್ಡೆಯಲ್ಲಿ ಅಂದರ್-ಬಾಹರ್ ಆಡಿ ಸೋತವನ ಸುದ್ದಿ ಸಂಜೆಯೊಳಗೆ ಮನೆಗೆ ಮುಟ್ಟುತ್ತಿತ್ತು, ಹಿರಿಯರು ಗದರಿಸುವುದಕ್ಕೂ ಸಾಲ ಕೊಟ್ಟವನು ಕೈ ಹಿಡಿಯುವುದಕ್ಕೂ ಅವಕಾಶವಿತ್ತು. ಹೊದಿಕೆಯೊಳಗೆ ಆಡಿ ಸೋತವನ ಸುದ್ದಿ ಹೊರಬೀಳುವುದು ಹೊಲವನ್ನು ಅಡವಿಟ್ಟ ಮೇಲೆ. 2025ರ ಶಾಸನವು ಆಟಗಾರನನ್ನು ಅಪರಾಧಿಯೆನ್ನದೆ, ತಾಣ ನಡೆಸುವವನಿಗೆ ಮೂರು ವರ್ಷಗಳವರೆಗಿನ ಸೆರೆಯನ್ನೂ ಒಂದು ಕೋಟಿ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿರುವುದು ವಿವೇಕದ ಕ್ರಮ. ಆದರೆ ಈ ಅಭಯವನ್ನು ದುರ್ಗದ ತರುಣನಿಗೆ ತಿಳಿಸುವವರಾರು? ದಾವಣಗೆರೆಯು ಸಮೀಪವಿದ್ದರೂ ಜಿಲ್ಲಾಕೇಂದ್ರಕ್ಕಾಗಿ ದೂರದ ಹೊಸಪೇಟೆಯನ್ನು ಕಾಣಬೇಕಾದ ಅವನು, ಕಾನೂನುಬಾಹಿರ ಆಟದಲ್ಲಿ ಮೋಸಹೋದೆನೆಂದು ಹೇಳಿಕೊಳ್ಳಲು ಠಾಣೆಯ ಮೆಟ್ಟಿಲೇರುವನೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವವನ್ನು ಅರಿಯದ ಮಾತು.

ಆದ್ದರಿಂದ ಪ್ರಾಧಿಕಾರವು ಬೇಕು; ಮತ್ತು ಹೊಸ ಶಾಸನವು ತಾನೇ ಒಂದು ಪ್ರಾಧಿಕಾರವನ್ನು ಕಲ್ಪಿಸಿರುವುದರಿಂದ, ಅದು ಯಾವುದು ಹಣದಾಟ ಯಾವುದು ಅಲ್ಲವೆಂದು ವರ್ಗೀಕರಿಸುವುದರಲ್ಲಿಯೇ ಕೃತಕೃತ್ಯವಾಗಬಾರದು. ಶಾಸನವನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಮೊದಲಾದ ಉಚ್ಚ ನ್ಯಾಯಾಲಯಗಳಿಂದ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ನಿರ್ಣಯವು ಯಾವ ಕಡೆಗೇ ವಾಲಲಿ, ಪ್ರಾಧಿಕಾರಕ್ಕೆ ಎರಡು ನಿಯಮಗಳು ಅನಿವಾರ್ಯ. ಮೊದಲನೆಯದಾಗಿ, ಅದರ ವೆಚ್ಚವು ಆಟದ ಆದಾಯದಿಂದ ಹುಟ್ಟಕೂಡದು. ತಾಣಗಳ ಶುಲ್ಕದಿಂದ ಬದುಕುವ ಕಾವಲುಗಾರನ ಕಣ್ಣು ಎಷ್ಟು ಮಂಜಾಗುವುದೆಂಬುದನ್ನು ಕಾನವಾಕೆ, ಆಲ್ಡರ್ನಿಗಳು ತೋರಿಸಿವೆ. ಎರಡನೆಯದಾಗಿ, ಅದರ ಪ್ರಥಮ ಕರ್ತವ್ಯವು ಸೋತವನ ದೂರನ್ನು ಅವನ ಭಾಷೆಯಲ್ಲಿ, ಅವನ ತಾಲ್ಲೂಕಿನಲ್ಲಿ, ಅವನನ್ನು ಆರೋಪಿಯಾಗಿಸದೆ ಕೇಳುವುದಾಗಿರಬೇಕು.

ಆಟಕ್ಕೆ ಅನುಮತಿ ದೊರೆಯುವುದಾದರೆ ಠೇವಣಿಯ ಪ್ರತ್ಯೇಕ ಖಾತೆ, ಎಲೆ ಹಂಚುವ ಯಂತ್ರದ ಸ್ವತಂತ್ರ ಪರೀಕ್ಷೆ, ದಿನದ ನಷ್ಟಕ್ಕೊಂದು ಮಿತಿ, ತಮಿಳುನಾಡು ವಿಧಿಸಿರುವಂತೆ ನಡುರಾತ್ರಿಯಿಂದ ಬೆಳಗಿನ ಐದರವರೆಗೆ ವಿರಾಮ ಇವು ಕಡ್ಡಾಯವಾಗಲಿ. ನಿಷೇಧವೇ ಸ್ಥಿರವಾದರೆ ಪರದೇಶೀ ತಾಣಗಳಿಗೆ ಹಣ ಹರಿಯುವ ಬ್ಯಾಂಕು ಖಾತೆಗಳ ಶೋಧ, ವ್ಯಸನಕ್ಕೆ ಬಿದ್ದವರ ಚಿಕಿತ್ಸೆ, ಪ್ರತಿವರ್ಷವೂ ಶಾಸನಸಭೆಯ ಮುಂದೆ ಬಹಿರಂಗ ವರದಿ ಇವು ಪ್ರಾಧಿಕಾರದ ಹೊಣೆಯಾಗಲಿ. ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂಪಾಯಿಗಳನ್ನು ಕಳೆದುಕೊಳ್ಳುತ್ತಿದ್ದಾರೆಂಬ ಅಂದಾಜನ್ನು ಮುಂದಿಟ್ಟು ಸರಕಾರವು ಈ ಶಾಸನವನ್ನು ಸಮರ್ಥಿಸಿಕೊಂಡಿತು. ಆ ಅಂಕೆ ಇಳಿಯಿತೇ, ಅಥವಾ ಲೆಕ್ಕಕ್ಕೆ ಸಿಗದಂತೆ ಮರೆಯಾಯಿತೇ ಎಂಬುದನ್ನು ಹೇಳಬಲ್ಲ ಒಂದು ಸಂಸ್ಥೆಯನ್ನು ಕಟ್ಟದಿರುವ ತನಕ, ನಿಷೇಧವನ್ನು ಸರಕಾರದ ಸಾಧನೆಯೆಂದು ಕರೆಯುವ ಅಧಿಕಾರವು ಯಾರಿಗೂ ಬಾರದು.