ಎಣ್ಣೆ ಸುರಿಯುವುದು ರಿಪೇರಿಯಲ್ಲ

ನಮ್ಮ ಊರುಗಳ ಯಾವ ಬಡಾವಣೆಯಲ್ಲಿ ಬೆಳಗಿನ ಹೊತ್ತು ನಡೆದುಹೋದರೂ, ಕಾರು ರಾತ್ರಿಯೆಲ್ಲ ನಿಂತು ಹೊರಟುಹೋದ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆಯೊಂದು ಕಣ್ಣಿಗೆ ಬೀಳುವುದುಂಟು. ಕೆಲವರು ಅಂಗಳ ಕೊಳೆಯದಿರಲೆಂದು ಎಂಜಿನ್ನಿನ ಕೆಳಗೆ ರಟ್ಟಿನ ತುಂಡೊಂದನ್ನು ಹಾಸಿರುತ್ತಾರೆ. ಅದು ನೆನೆದು ಭಾರವಾದಾಗ ಎಸೆದು ಇನ್ನೊಂದನ್ನು ತಂದು ಹಾಸುತ್ತಾರೆ. ಡಿಕ್ಕಿಯಲ್ಲಿ ಅರ್ಧ ಮುಗಿದ ಆಯಿಲ್ ಡಬ್ಬಿ ಸದಾ ಸಿದ್ಧವಾಗಿರುತ್ತದೆ, ತಿಂಗಳಿಗೊಮ್ಮೆಯೋ ಎರಡು ಸಲವೋ ಅಳತೆಯ ಕಡ್ಡಿಯನ್ನು ಎಳೆದು ನೋಡಿ, ಕಡಮೆಯಾದಷ್ಟನ್ನು ಸುರಿದು, ಗಾಡಿ ಹಳೆಯದಾಯಿತು, ಸ್ವಲ್ಪ ಸೋರುವುದು ಸಹಜವೆಂದು ಸಮಾಧಾನ ತಂದುಕೊಳ್ಳುವುದು ಸಂಸಾರಸ್ಥರ ರೂಢಿಯೇ ಆಗಿಹೋಗಿದೆ. ಈ ಸಮಾಧಾನಕ್ಕೆ ಆಧಾರವಿಲ್ಲ. ಎಣ್ಣೆ ಹೊರಬರದಂತೆ ತಡೆಯುವ ಸೀಲು ಸವೆದಾಗ ಅದನ್ನು ಕಾಲಕ್ಕೆ ಸರಿಯಾಗಿ ಬದಲಿಸದೆ ಎಣ್ಣೆಯನ್ನೇ ಸುರಿಯುತ್ತ ಹೋಗುವುದು ಮಿತವ್ಯಯವೂ ಅಲ್ಲ, ನೆರೆಹೊರೆಗೆ ನ್ಯಾಯವೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೋರಿಕೆಯನ್ನು ಸಹಿಸುವ ಈ ಅಭ್ಯಾಸವು ನಮ್ಮಲ್ಲಿ ಬೇರೂರುವುದಕ್ಕೆ ಒಂದು ಪೂರ್ವಕಥೆಯಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಕಾರು ಮೂರು ತಲೆಮಾರಿನವರಿಗೆ ಮೋಟಾರು ವಾಹನವೆಂದರೇನೆಂಬುದನ್ನು ಕಲಿಸಿತು. ಬಹುಕಾಲ ಅದರಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನು ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ಬಿ-ಸೀರೀಸ್ ವಂಶದ್ದು. ಆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಇಂದಿನ ಅರ್ಥದ ರಬ್ಬರ್ ಸೀಲೇ ಇರಲಿಲ್ಲ. ಶಾಫ್ಟಿನ ಮೈಮೇಲೆ ಸುರುಳಿಯಾಗಿ ಕೊರೆದ ಎಳೆಗಳು, ಶಾಫ್ಟು ತಿರುಗುತ್ತಿರುವಾಗ, ಹೊರಗೆ ಹರಿಯಲು ಬಂದ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿದ್ದವು. ಎಂಜಿನ್ನು ನಿಂತಿತೋ, ತಳ್ಳುವವರು ಯಾರೂ ಇಲ್ಲ. ಬೇರಿಂಗು ಸ್ವಲ್ಪ ಸಡಿಲವಾಯಿತೋ, ಎಣ್ಣೆ ಆ ಅಂತರದಲ್ಲಿ ತನ್ನ ದಾರಿಯನ್ನು ಕಂಡುಕೊಳ್ಳುತ್ತಿತ್ತು. ಅಂತಹ ಕಾರಿನ ಕೆಳಗೆ ನಾಲ್ಕು ಹನಿ ಕಂಡರೆ ಮೇಸ್ತ್ರಿಯೂ ಮಾಲೀಕನೂ ಗಾಬರಿಗೊಳ್ಳದಿದ್ದುದು ಅವರ ಅಜ್ಞಾನದಿಂದಲ್ಲ, ಯಂತ್ರದ ರಚನೆಯೇ ಹಾಗಿದ್ದುದರಿಂದ. ಆದರೆ ಆ ಎಂಜಿನ್ನು ಹೋಯಿತು, ಅದು ಕಲಿಸಿದ ಸಹನೆ ಮಾತ್ರ ಉಳಿಯಿತು; 1983ರ ಕೊನೆಯಲ್ಲಿ ಬಂದ ಮಾರುತಿ 800ಕ್ಕೂ, ಅದರ ಬಳಿಕ ಬಂದ ನೂರಾರು ಮಾದರಿಗಳಿಗೂ ಅದೇ ಸಹನೆಯನ್ನು ನಾವು ಅನ್ವಯಿಸುತ್ತ ಬಂದೆವು. ಈ ಕಾರುಗಳು ಸೋರದಂತೆ ರಚಿತವಾದವುಗಳು. ಇವು ಸೋರಿದರೆ ಅದು ಸ್ವಭಾವವಲ್ಲ, ವ್ಯಾಧಿ.

ಸೋರದಂತೆ ಕಾಯುವ ಆ ವಸ್ತುವಾದರೂ ಎಷ್ಟು ಸೂಕ್ಷ್ಮವಾದುದು! ಜರ್ಮನಿಯ ವೈನ್‌ಹೈಮ್ ಎಂಬ ಊರಿನಲ್ಲಿ ಚರ್ಮ ಹದಮಾಡುವ ಉದ್ಯಮದಿಂದ 1849ರಲ್ಲಿ ಆರಂಭವಾದ ಫ್ರಾಯ್ಡನ್‌ಬರ್ಗ್ ಸಂಸ್ಥೆಯಲ್ಲಿ, ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರು 1930ರ ದಶಕದ ಆರಂಭದಲ್ಲಿ ರೂಪಿಸಿದ ಸೀಲು ಇಂದಿಗೂ ಅವನ ಹೆಸರಿನಲ್ಲಿಯೇ ಯುರೋಪಿನ ಕಾರ್ಯಾಗಾರಗಳಲ್ಲಿ ಪ್ರಚಲಿತವಾಗಿದೆ. ಮೊದಮೊದಲು ಚರ್ಮದ ತುಟಿ, ಅನಂತರ ಕೃತಕ ರಬ್ಬರಿನ ತುಟಿ. ಸುತ್ತಲೂ ಉಕ್ಕಿನ ಚೌಕಟ್ಟು. ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಅದರ ಬೆನ್ನಿಗೆ ಕೂದಲೆಳೆಯಷ್ಟು ತೆಳುವಾದ ತಂತಿಯಿಂದ ಸುತ್ತಿದ ಸ್ಪ್ರಿಂಗು. ಇಷ್ಟೇ ಅದರ ಸಂಪತ್ತು. ಆದರೆ ಅದರ ಕರ್ತವ್ಯವನ್ನು ಗಣಿಸಿ ನೋಡೋಣ: 40 ಮಿಲಿಮೀಟರ್ ವ್ಯಾಸದ ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೀಲಿನ ತುಟಿಯ ಕೆಳಗೆ ಸೆಕೆಂಡಿಗೆ ಆರು ಮೀಟರಿಗಿಂತ ಹೆಚ್ಚು ಲೋಹ ಉಜ್ಜಿಕೊಂಡು ಹೋಗುತ್ತದೆ, ಒಂದು ಗಂಟೆಯ ಪ್ರಯಾಣದಲ್ಲಿ ಅದು ಇಪ್ಪತ್ತೆರಡು ಕಿಲೋಮೀಟರಿಗೂ ಮಿಕ್ಕ ಘರ್ಷಣೆ. ಕುದಿಯುವ ನೀರಿನಷ್ಟು ಬಿಸಿಯಾದ ಎಣ್ಣೆ ಒಂದು ಕಡೆ, ರಸ್ತೆಯ ಧೂಳು ಇನ್ನೊಂದು ಕಡೆ. ಇಷ್ಟನ್ನು ವರ್ಷಾನುಗಟ್ಟಲೆ ತಾಳಿಕೊಂಡ ವಸ್ತುವು ಒಂದು ದಿನ ಗಟ್ಟಿಯಾಗಿ, ಬಿರುಕುಬಿಟ್ಟು, ತನ್ನ ಹಿಡಿತವನ್ನು ಸಡಿಲಿಸಿದರೆ ಅದನ್ನು ನಿಂದಿಸುವಂತಿಲ್ಲ. ಅದರ ಆಯುಸ್ಸು ಮುಗಿದುದನ್ನು ಕಂಡೂ ಕಾಣದವರಂತೆ ಇರುವ ನಮ್ಮನ್ನೇ ನಿಂದಿಸಿಕೊಳ್ಳಬೇಕು.

ಸೋರಿಕೆಯ ನಷ್ಟವೆಂದರೆ ಸುರಿದ ಎಣ್ಣೆಯ ಬೆಲೆ ಮಾತ್ರವೆಂದು ಭಾವಿಸುವವರು ಬಹಳ ಮಂದಿ. ಕ್ರ್ಯಾಂಕಿನ ಮುಂಬದಿಯ ಸೀಲು ಅಥವಾ ಕ್ಯಾಮ್ ಶಾಫ್ಟಿನ ಸೀಲು ಸೋರಿದರೆ, ಅನೇಕ ಎಂಜಿನ್ನುಗಳಲ್ಲಿ ಆ ಎಣ್ಣೆ ನೇರವಾಗಿ ಟೈಮಿಂಗ್ ಬೆಲ್ಟಿನ ಮೇಲೆ ಬೀಳುತ್ತದೆ. ಎಣ್ಣೆಯಲ್ಲಿ ನೆಂದ ಬೆಲ್ಟು ಉಬ್ಬಿ, ಹಲ್ಲು ಕಿತ್ತು, ಹೆದ್ದಾರಿಯ ನಡುವೆ ತುಂಡಾದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಹೆಡ್ಡನ್ನೇ ಬಿಚ್ಚಬೇಕಾದ ಪ್ರಸಂಗ ಬರುತ್ತದೆ. ಹಿಂಬದಿಯ ಸೀಲು ಸೋರಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ತಗಲಿ, ಘಾಟಿಯ ಏರಿನಲ್ಲಿ ಎಂಜಿನ್ನು ಅಬ್ಬರಿಸಿದರೂ ಗಾಡಿ ಮುಂದೆ ಸಾಗದು. ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಇಳಿದ ಎಣ್ಣೆ ಕೆಂಪಗೆ ಕಾದ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಮೊದಲು ಹೊಗೆ, ದುರದೃಷ್ಟವಿದ್ದರೆ ಬೆಂಕಿ. ಇನ್ನು, ಮಟ್ಟ ತೀರ ಇಳಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಎಚ್ಚರಿಸುತ್ತದಲ್ಲ ಎಂದು ನೆಚ್ಚಿಕೊಂಡವರಿಗೆ ಒಂದು ಮಾತು: ಬಹುತೇಕ ಕಾರುಗಳಲ್ಲಿ ಆ ದೀಪ ಹೇಳುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು, ಅದು ಹೊತ್ತುವ ವೇಳೆಗೆ ಬೇರಿಂಗುಗಳಿಗೆ ಎಣ್ಣೆ ತಲುಪುವುದು ಕುಂಠಿತವಾಗಿರುತ್ತದೆ.

ಇವೆಲ್ಲ ಮಾಲೀಕನ ಸ್ವಂತ ನಷ್ಟಗಳು, ಅವನು ಬೇಕಾದರೆ ಸಹಿಸಲಿ. ಆದರೆ ರಸ್ತೆ ಅವನೊಬ್ಬನದಲ್ಲ. ಬೇಸಗೆಯುದ್ದಕ್ಕೂ ಸಿಗ್ನಲುಗಳ ಬಳಿ, ಬಸ್ಸು ನಿಲ್ಲುವ ತಾಣಗಳಲ್ಲಿ, ಸಾವಿರಾರು ವಾಹನಗಳಿಂದ ಹನಿಹನಿಯಾಗಿ ತೊಟ್ಟಿಕ್ಕಿದ ಎಣ್ಣೆ ಡಾಂಬರಿನ ರಂಧ್ರಗಳಲ್ಲಿ ಧೂಳಿನೊಡನೆ ಸೇರಿ ಕುಳಿತಿರುತ್ತದೆ. ಮೊದಲ ಮಳೆ ಬಿದ್ದಾಗ ನೀರು ಅದನ್ನು ಮೇಲಕ್ಕೆತ್ತಿ ರಸ್ತೆಯ ಮೇಲೆಲ್ಲ ತೆಳುವಾದ ಜಿಡ್ಡಿನ ಪದರವನ್ನು ಹರಡುತ್ತದೆ. ಆ ಹೊತ್ತಿನಲ್ಲಿ ಬ್ರೇಕು ಹಿಡಿದ ದ್ವಿಚಕ್ರ ವಾಹನದ ಸವಾರ, ಹಿಂದೆ ಮಗುವನ್ನು ಕೂರಿಸಿಕೊಂಡು ಶಾಲೆಯಿಂದ ಬರುತ್ತಿರುವ ತಾಯಿ, ಏನೂ ತಪ್ಪು ಮಾಡದೆ ಜಾರಿ ಬೀಳುತ್ತಾರೆ. ಬೆಂಗಳೂರಿನ ಮುಂಗಾರುಪೂರ್ವದ ಮೊದಲ ಮಳೆಯ ಸಂಜೆ ಯಾವ ದೊಡ್ಡ ಚೌಕದಲ್ಲಾದರೂ ಸ್ವಲ್ಪ ಹೊತ್ತು ನಿಂತವರಿಗೆ ಈ ಮಾತಿನಲ್ಲಿ ಅತಿಶಯೋಕ್ತಿ ಕಾಣದು. ಅದೇ ನೀರು ಚರಂಡಿಯ ಮೂಲಕ ಕೆರೆಗೆ ಸೇರುತ್ತದೆಂಬುದನ್ನೂ ಇಲ್ಲಿಯೇ ನೆನೆಯತಕ್ಕದ್ದು.

ಹಾಗಿದ್ದೂ ಸೀಲನ್ನು ಬದಲಿಸಲು ನಾವು ಏಕೆ ಹಿಂಜರಿಯುತ್ತೇವೆ? ನನಗೆ ತೋರುವ ಕಾರಣ ಒಂದೇ: ರಿಪೇರಿಯ ಮೌಲ್ಯವನ್ನು ನಾವು ಬದಲಿಸಿದ ವಸ್ತುವಿನ ಗಾತ್ರದಿಂದ ಅಳೆಯುತ್ತೇವೆ. ಹೊಸ ಟೈರು ಹಾಕಿಸಿದರೆ ಅದು ಕಣ್ಣಿಗೆ ಕಾಣುತ್ತದೆ, ಹೊಸ ಬ್ಯಾಟರಿ ಕೈಗೆ ಭಾರವಾಗಿ ಸಿಗುತ್ತದೆ. ಅವಕ್ಕೆ ಸಾವಿರಗಟ್ಟಲೆ ಕೊಡಲು ಮನಸ್ಸು ಅಳುಕದು. ಆದರೆ ಕ್ರ್ಯಾಂಕಿನ ಹಿಂಬದಿಯ ಸೀಲನ್ನು ಬದಲಿಸಬೇಕಾದರೆ ಗಾಡಿಯನ್ನು ಮೇಲೆತ್ತಿ, ಮುಂಚಕ್ರದ ಡ್ರೈವ್ ಶಾಫ್ಟುಗಳನ್ನು ಕಳಚಿ, ಗೇರ್ ಬಾಕ್ಸನ್ನು ಇಳಿಸಿ, ಕ್ಲಚ್ಚನ್ನೂ ಫ್ಲೈವೀಲನ್ನೂ ಬಿಚ್ಚಿದ ಮೇಲೆಯೇ ಆ ಸೀಲಿನ ಮುಖದರ್ಶನವಾಗುವುದು. ಕೆಲವು ನೂರು ರೂಪಾಯಿಯ ವಸ್ತುವಿಗೆ ಹಲವು ಸಾವಿರ ರೂಪಾಯಿಯ ಮಜೂರಿ ಎಂದೊಡನೆ ಮಾಲೀಕನಿಗೆ ತಾನು ವಂಚಿತನಾದೆನೆಂಬ ಭಾವನೆ ಬರುತ್ತದೆ. ಅವನು ಚೌಕಾಸಿಗೆ ಇಳಿಯುತ್ತಾನೆ, ಇಲ್ಲವೆ ಇನ್ನೊಂದು ಡಬ್ಬಿ ಎಣ್ಣೆ ಕೊಂಡು ಮನೆಗೆ ಹೋಗುತ್ತಾನೆ. ಇದು ವಿಪರೀತವಾದ ಗಣಿತ. ಇಲ್ಲಿ ನಾವು ಕೊಳ್ಳುವುದು ರಬ್ಬರಿನ ಉಂಗುರವನ್ನಲ್ಲ, ಅದನ್ನು ಅದರ ಸ್ಥಾನದಲ್ಲಿ ಸರಿಯಾಗಿ ಕೂರಿಸಬಲ್ಲ ಕೈಯ ವಿವೇಕವನ್ನು.

ಆ ಕೈಯ ಕೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಮಜೂರಿಯ ಬಗ್ಗೆ ತಕರಾರು ಉಳಿಯಲಾರದು. ಬಲ್ಲ ಮೇಸ್ತ್ರಿಯು ಹಳೆಯ ಸೀಲನ್ನು ಕೀಳುವಾಗ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿಕೊಳ್ಳುತ್ತಾನೆ, ಶಾಫ್ಟಿನ ಮೇಲೆ ಒಂದು ಗೀರು ಬಿದ್ದರೂ ಹೊಸ ಸೀಲು ಸೋರುವುದು ಖಂಡಿತವೆಂದು ಅವನಿಗೆ ಗೊತ್ತು. ಹೊರಬಂದ ಸೀಲನ್ನು ಬೆರಳಿನಿಂದ ಒತ್ತಿದರೆ ಅದು ಗಾಜಿನ ಬಳೆಯಂತೆ ಬಗ್ಗದೆ ನಿಲ್ಲುತ್ತದೆ. ಬಳಿಕ ಅವನು ಶಾಫ್ಟನ್ನು ಒರೆಸಿ ಉಗುರನ್ನು ಅಡ್ಡಲಾಗಿ ಎಳೆದು ನೋಡುತ್ತಾನೆ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಹಳೆಯ ತುಟಿ ಉಕ್ಕಿನಲ್ಲಿಯೂ ಒಂದು ಕಾಲುವೆಯನ್ನು ಕೊರೆದಿದೆ ಎಂದರ್ಥ, ಆಗ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು ಅಥವಾ ಶಾಫ್ಟಿಗೆ ತೆಳುವಾದ ಲೋಹದ ಸ್ಲೀವನ್ನು ತೊಡಿಸಬೇಕು. ರಬ್ಬರಿನ ಸೀಲಾದರೆ ತುಟಿಗೆ ಎಣ್ಣೆ ಸವರುತ್ತಾನೆ, ಒಣಗಿದ ತುಟಿಯನ್ನು ಮೊದಲ ಕ್ಷಣದಲ್ಲಿಯೇ ಶಾಫ್ಟು ಸುಟ್ಟುಬಿಡಬಹುದಾದುದರಿಂದ. ಶಾಫ್ಟಿನಲ್ಲಿ ಚಾವಿ ಕೂರುವ ಕಚ್ಚಿನ ಅಂಚು ತುಟಿಯನ್ನು ಕೊಯ್ಯದಿರಲೆಂದು ತೆಳು ಪ್ಲಾಸ್ಟಿಕ್ಕನ್ನು ಸುತ್ತುತ್ತಾನೆ. ಸ್ಪ್ರಿಂಗಿನ ಮುಖವನ್ನು ಎಣ್ಣೆಯ ಕಡೆಗೆ ಇಟ್ಟು, ಸರಿಯಾದ ಅಳತೆಯ ಪೈಪಿನ ತುಂಡೊಂದನ್ನು ಮೇಲಿರಿಸಿ, ಸುತ್ತಲೂ ಸಮನಾಗಿ, ಮೆಲ್ಲಮೆಲ್ಲನೆ ತಟ್ಟುತ್ತ, ಒಂದು ಪಕ್ಕ ಕೂದಲೆಳೆಯಷ್ಟು ಮುಂದಾದರೂ ನಿಲ್ಲಿಸಿ ಸರಿಪಡಿಸಿ, ಕೊನೆಗೆ ತಟ್ಟಿನ ಸದ್ದು ಬದಲಾದಾಗ ಸೀಲು ತಳ ಮುಟ್ಟಿತೆಂದು ತಿಳಿಯುತ್ತಾನೆ. ಇದರಲ್ಲಿ ಯಾವುದೊಂದು ತಪ್ಪಿದರೂ ಇಳಿಸಿದ ಗೇರ್ ಬಾಕ್ಸನ್ನು ಮತ್ತೆ ಇಳಿಸಬೇಕಾಗುತ್ತದೆ. ಅಷ್ಟು ಬಿಚ್ಚಿದ ಮೇಲೆ ಸವೆದ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಗೇರ್ ಬಾಕ್ಸಿನ ಮುಂದಿನ ಸೀಲು ಇವನ್ನೂ ಅದೇ ಮಜೂರಿಯಲ್ಲಿ ಬದಲಿಸೋಣವೆಂದು ಅವನು ಹೇಳಿದರೆ ಅದನ್ನು ಆಸೆಬುರುಕತನವೆಂದು ಎಣಿಸಬಾರದು.

ಆದರೆ ಸೀಲು ಬದಲಿಸುವುದಕ್ಕೆ ಮುನ್ನ ರೋಗದ ಮೂಲ ತಿಳಿಯಬೇಕು, ಇಲ್ಲಿ ನಮ್ಮ ಗ್ಯಾರೇಜುಗಳ ತಪ್ಪನ್ನೂ ಹೇಳದೆ ವಿಧಿಯಿಲ್ಲ. ಎಣ್ಣೆ ಕೆಳಗೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿಯೇ ಸೋರುತ್ತದೆಂದು ನಂಬುವುದು ಅವಸರದ ತೀರ್ಮಾನ. ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದು ಗಾಳಿಯ ರಭಸಕ್ಕೆ ಹಿಂದಕ್ಕೆ ಹರಿದು, ಕ್ಲಚ್ ಹೌಸಿಂಗಿನ ತುದಿಯಲ್ಲಿ ಹನಿಯುವ ಎಣ್ಣೆಯನ್ನು ಕಂಡು ಗೇರ್ ಬಾಕ್ಸ್ ಇಳಿಸಿದ ನಿದರ್ಶನಗಳುಂಟು. ಮೊದಲು ಎಂಜಿನ್ನನ್ನು ಡೀಸೆಲಿನಿಂದ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯ ಅತ್ಯಂತ ಮೇಲಿನ ಗೆರೆ ಎಲ್ಲಿದೆಯೆಂದು ಟಾರ್ಚು ಹಿಡಿದು ಹುಡುಕುವ ತಾಳ್ಮೆ ಬೇಕು. ಅದಕ್ಕಿಂತಲೂ ಮುಖ್ಯವಾದುದು ಒಳಗಿನ ಒತ್ತಡ. ಎಂಜಿನ್ನಿನ ಒಡಲಿನ ಗಾಳಿಯನ್ನು ಹೊರಬಿಡುವ ಪಿ.ಸಿ.ವಿ. ವಾಲ್ವು ಮಸಿ ಕಟ್ಟಿ ಮುಚ್ಚಿಕೊಂಡಿದ್ದರೆ, ಒಳಗೆ ಕೂಡಿದ ಒತ್ತಡ ಎಲ್ಲ ಸೀಲುಗಳಿಂದಲೂ ಎಣ್ಣೆಯನ್ನು ಹೊರನೂಕುತ್ತದೆ. ಅಂತಹ ಎಂಜಿನ್ನಿಗೆ ಸೀಲು ಹಾಕಿದವನು ಕೆಲವು ತಿಂಗಳಲ್ಲಿ ಮತ್ತೆ ಹಾಕಬೇಕು. ವಾಲ್ವನ್ನೂ ಅದರ ಹೋಸನ್ನೂ ಶುಚಿಮಾಡಿದ ಮಾತ್ರಕ್ಕೆ ಸೋರಿಕೆ ಅರ್ಧ ಇಳಿಯುವುದೂ ಉಂಟು.

ಅಂಗಡಿಯಲ್ಲಿ ಸಿಗುವ ಎರಡು ಸುಲಭೋಪಾಯಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಎಣ್ಣೆಗೆ ಬೆರೆಸುವ ಸೋರಿಕೆನಿರೋಧಕ ದ್ರವವು ಗಟ್ಟಿಯಾದ ರಬ್ಬರನ್ನು ಕೆಲಕಾಲ ಉಬ್ಬಿಸಿ ಮೃದುವಾಗಿಸುತ್ತದೆ. ಹರಿದ ತುಟಿಯನ್ನು ಕೂಡಿಸದು. ಇನ್ನು ಪ್ಯಾಕಿಂಗಿನ ಬದಲು ಸಿಲಿಕಾನ್ ಅಂಟನ್ನು ಧಾರಾಳವಾಗಿ ಮೆತ್ತುವುದು ಅದಕ್ಕಿಂತ ಅಪಾಯಕರ: ಹೊರಗೆ ಉಬ್ಬಿ ಕಾಣುವಷ್ಟೇ ಅಂಟು ಒಳಗೂ ಉಬ್ಬಿರುತ್ತದೆ, ಅದರ ತುಣುಕು ಕಳಚಿ ಎಣ್ಣೆ ನಿಲ್ಲುವ ಚೇಂಬರಿನ ತಳದ ಜಾಲರಿಗೆ ಸಿಕ್ಕಿಕೊಂಡರೆ ಎಣ್ಣೆಯ ಪಂಪು ಎಣ್ಣೆಯಿಲ್ಲದೆ ಬಾಯಾರುತ್ತದೆ.

ವಸ್ತುವಿನ ಗುಣವೂ ಗಣನೆಗೆ ಬರತಕ್ಕದ್ದು. ಸಾಧಾರಣ ನೈಟ್ರೈಲ್ ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಹುಕಾಲ ಬಾಳಬಲ್ಲುದು. ಫ್ಲೋರೋಕಾರ್ಬನ್ ರಬ್ಬರು 200 ಡಿಗ್ರಿಯವರೆಗೂ ತಡೆಯಬಲ್ಲುದು. ಅಂಗಡಿಯ ಮೇಜಿನ ಮೇಲೆ ಎರಡೂ ಒಂದೇ ಅಳತೆಯ ಉಂಗುರಗಳು, ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಇನ್ನಾವ ಊರಿನ ಸ್ಪೇರ್ಸ್ ಬೀದಿಯಲ್ಲಾಗಲಿ ಅಳತೆಯೊಂದನ್ನೇ ಹೇಳಿ ಅಗ್ಗದ್ದನ್ನು ಕೊಳ್ಳುವುದು ಆ ಸಾವಿರಾರು ರೂಪಾಯಿಯ ಮಜೂರಿಯನ್ನೇ ಪಣಕ್ಕಿಟ್ಟಂತೆ.

ನಮ್ಮ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿಯನ್ನು ಎರಡು ವರ್ಷ ಕಲಿತು ಬರುವ ಹುಡುಗರಿಗೆ, ಸೀಲು ಹಾಕುವುದನ್ನು ಮಾತ್ರವಲ್ಲ, ಸೋರಿಕೆಯ ಮೂಲವನ್ನು ಹುಡುಕುವುದನ್ನೂ ಅದನ್ನು ಮಾಲೀಕನಿಗೆ ತೋರಿಸಿ ವಿವರಿಸುವುದನ್ನೂ ಕಲಿಸಬೇಕು. ಗ್ಯಾರೇಜಿನವರು ಬಿಲ್ಲಿನಲ್ಲಿ ವಸ್ತುವಿನ ಬೆಲೆಯನ್ನೂ ಮಜೂರಿಯನ್ನೂ ಬೇರೆಬೇರೆಯಾಗಿ ಬರೆದು, ಸೋರಿಕೆಗೆ ಕಂಡುಬಂದ ಕಾರಣವನ್ನು ಒಂದು ಸಾಲಿನಲ್ಲಿ ನಮೂದಿಸಿ, ಕಿತ್ತ ಹಳೆಯ ಸೀಲನ್ನು ಮಾಲೀಕನ ಕೈಗೆ ಕೊಡುವ ಪದ್ಧತಿಯನ್ನು ರೂಢಿಗೆ ತರಬೇಕು. ಬಾಡಿಗೆ ವಾಹನಗಳಿಗೆ ಎಫ್.ಸಿ. (ಯೋಗ್ಯತಾ ಪತ್ರ) ಕೊಡುವ ಅಧಿಕಾರಿಗಳು ದೀಪ, ಬ್ರೇಕು, ಹೊಗೆಗಳನ್ನು ನೋಡುವಷ್ಟೇ ಕಟ್ಟುನಿಟ್ಟಾಗಿ ಬಾಗಿ ಎಂಜಿನ್ನಿನ ತಳವನ್ನೂ ನೋಡಬೇಕು, ಹನಿ ಕಂಡರೆ ಸರಿಪಡಿಸಿಕೊಂಡು ಬರುವಂತೆ ವಾಪಸು ಕಳುಹಿಸಬೇಕು. ಮಾಲೀಕನಾದವನು ಮುಂದಿನ ಬಾರಿ ಆಯಿಲ್ ಬದಲಿಸಲು ಗಾಡಿಯನ್ನು ಮೇಲೆತ್ತಿಸಿದಾಗ ತಾನೂ ಅದರ ಕೆಳಗೆ ನಿಂತು ಕತ್ತೆತ್ತಿ ನೋಡಲಿ. ಒದ್ದೆ ಕಂಡರೆ, ಮಳೆಗಾಲ ಬರುವುದಕ್ಕೆ ಮುನ್ನವೇ ಸೀಲು ಹಾಕಿಸಿ, ಮೇಸ್ತ್ರಿ ಕೇಳಿದ ನ್ಯಾಯವಾದ ಮಜೂರಿಯನ್ನು ಪೂರ್ತಿಯಾಗಿ ಕೊಡಲಿ.