ಕಡತ ಇದೆಯೇ ಎಂದು ಯಾರನ್ನು ಕೇಳಬೇಕು?

ಕಳಸದ ತೋಟದಲ್ಲಿ ಚೆಕ್‌ರೋಲ್ ಬರೆಯುವ ರೈಟರ್, ಮೂಡಿಗೆರೆಯ ಉಗ್ರಾಣದಲ್ಲಿ ಮೂಟೆಗಳ ದಾಸ್ತಾನು ನಮೂದಿಸುವ ಗುಮಾಸ್ತ, ಚಿಕ್ಕಮಗಳೂರಿನ ಮುಖ್ಯ ಕಚೇರಿಯಲ್ಲಿ ಇವೆರಡನ್ನೂ ತಾಳೆ ನೋಡುವ ಲೆಕ್ಕಿಗ: ಕಾಫಿ ವಹಿವಾಟಿನ ಪುಸ್ತಕಗಳು ಇಂದು ಹೀಗೆ ಹಲವು ಗಣಕಯಂತ್ರಗಳಲ್ಲಿ ಹಂಚಿಹೋಗಿವೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡ ಬಳಿಕ ಮಾರಾಟವೂ ಬೆಳೆಗಾರನದೇ, ಅದರ ದಾಖಲೆಯ ಹೊಣೆಯೂ ಅವನದೇ ಆಗಿದೆ. ಆದರೆ ತೋಟದ ಗಣಕಯಂತ್ರದಲ್ಲಿ ನಿನ್ನೆಯ ಲೆಕ್ಕದ ಪ್ರತಿ ಉಳಿದಿದೆಯೇ ಎಂದು ವಿಚಾರಿಸುವ ಕ್ರಮ ಮಾತ್ರ ಬದಲಾಗಿಲ್ಲ. ಮುಖ್ಯ ಕಚೇರಿಯಿಂದ ದೂರವಾಣಿ ಕರೆ ಹೋಗುತ್ತದೆ, ಅತ್ತಲಿಂದ "ಇದೆ ಸಾರ್" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಪರಿಶೀಲನೆ ಮುಗಿಯಿತು!

ಲೆಕ್ಕಪರಿಶೋಧನೆಯ ಮಾನದಂಡ ಎಸ್.ಎ. 500ರ ಪ್ರಕಾರ, ಪರಿಶೋಧಕನು ನೇರವಾಗಿ ಪಡೆದ ಸಾಕ್ಷ್ಯವು ಪರೋಕ್ಷವಾಗಿ ದೊರೆತದ್ದಕ್ಕಿಂತ ಹೆಚ್ಚು ನಂಬಲರ್ಹ. ಕಂಪನಿಗಳ (ಲೆಕ್ಕಪತ್ರ) ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಕಾದಿರಿಸಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ತಂತ್ರಾಂಶ ಉಳಿಸಿಕೊಳ್ಳಬೇಕು. ಈ ನಿಯಮ ಕಂಪನಿಗಳಿಗಷ್ಟೇ ಅನ್ವಯ. ಮಲೆನಾಡಿನ ಬಹುಪಾಲು ತೋಟಗಳು ಕುಟುಂಬದ ಅಥವಾ ಪಾಲುದಾರಿಕೆಯ ಆಸ್ತಿ ಎಂಬುದು ನಿಜ. ಆದರೆ ಸಿಡಿಲು ಬಡಿಯುವಾಗ ಕಂಪನಿ, ಪಾಲುದಾರಿಕೆ ಎಂಬ ಭೇದ ನೋಡುವುದಿಲ್ಲ.

ದೂರದ ಯಂತ್ರವನ್ನು ಮುಖ್ಯ ಕಚೇರಿಯಿಂದಲೇ ನೋಡಲು ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ವಿಂಡೋಸ್‌ನಲ್ಲಿ ಹಂಚಿಕೊಂಡ ಫೋಲ್ಡರಿಗೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕಿಸಿ, ನಿರ್ದಿಷ್ಟ ಕಡತ ಇದೆಯೇ, ಅದರ ದಿನಾಂಕ ಮತ್ತು ಗಾತ್ರವೇನು ಎಂದು ಕೇಳುವ ನಾಲ್ಕು ಸಾಲಿನ ಆದೇಶವನ್ನು ಪ್ರತಿರಾತ್ರಿ ತಾನಾಗಿ ನಡೆಯುವಂತೆ ಇಡಬಹುದು. ಹೆಸರೊಂದೇ ಸಾಲದು. ಮೂರು ತಿಂಗಳ ಹಿಂದಿನ ಪ್ರತಿಗೂ ಅದೇ ಹೆಸರಿರಬಹುದು, ಒಳಗೆ ಏನೂ ಇಲ್ಲದ ಕಡತಕ್ಕೂ ಇರಬಹುದು.

ಎಡವುವುದು "ಇಲ್ಲ" ಎಂಬ ಉತ್ತರವನ್ನು ಅರ್ಥೈಸುವಲ್ಲಿ. ಕಡತ ನಿಜಕ್ಕೂ ಇಲ್ಲದಿರಬಹುದು. ಇದ್ದರೂ ಆ ಹೆಸರಿನವರಿಗೆ ಅದನ್ನು ನೋಡುವ ಅಧಿಕಾರವಿಲ್ಲದಿರಬಹುದು. ಅಥವಾ ಕಳಸದಲ್ಲಿ ಮರ ಬಿದ್ದು ವಿದ್ಯುತ್ತೇ ಇಲ್ಲದಿರಬಹುದು. ಮೈಕ್ರೋಸಾಫ್ಟ್‌ನ ಡಾಟ್ ನೆಟ್ ಸಾಧನದಲ್ಲಿ ಕಡತದ ಇರುವಿಕೆಯನ್ನು ವಿಚಾರಿಸುವ ಆದೇಶವು, ಓದುವ ಅಧಿಕಾರವಿಲ್ಲದಿದ್ದಾಗಲೂ ದೋಷವೆಂದು ತಿಳಿಸದೆ "ಇಲ್ಲ" ಎಂದೇ ಉತ್ತರಿಸುತ್ತದೆ. ಇನ್ನೊಂದು ತೊಡಕೂ ಉಂಟು: ಒಂದೇ ಸರ್ವರಿಗೆ ಒಬ್ಬ ಬಳಕೆದಾರ ಏಕಕಾಲದಲ್ಲಿ ಎರಡು ಹೆಸರುಗಳಿಂದ ಸಂಪರ್ಕಿಸುವುದನ್ನು ವಿಂಡೋಸ್ ಒಪ್ಪದೆ 1219 ಎಂಬ ದೋಷಸಂಖ್ಯೆ ನೀಡುತ್ತದೆ. ಹಳೆಯ ಸಂಪರ್ಕವನ್ನು ಕಡಿದ ಮೇಲೆಯೇ ಮುಂದಿನದು. ಇದನ್ನರಿಯದೆ ಬರಿಯ ವರದಿ ನೋಡಿ ರೈಟರನ್ನು ಗದರಿಸಿದರೆ, ಮಾಡಿದ ಕೆಲಸಕ್ಕೆ ಬೈಗುಳ ತಿಂದವನು ನಾಳೆ ಮಾಡದೆಯೂ "ಇದೆ ಸಾರ್" ಎನ್ನುವುದನ್ನು ಕಲಿಯುತ್ತಾನೆ.

ಯಾರ ಪಾಸ್‌ವರ್ಡಿನಿಂದ ನೋಡುವುದು ಎಂಬುದು ಇದಕ್ಕಿಂತಲೂ ಗಂಭೀರ ಪ್ರಶ್ನೆ. ಯಜಮಾನರ ಹೆಸರಿನ ಸರ್ವಾಧಿಕಾರದ ಪಾಸ್‌ವರ್ಡನ್ನೇ ಎಲ್ಲರೂ ಬಳಸುವ ಕಚೇರಿಗಳು ವಿರಳವಲ್ಲ. ಲೆಕ್ಕಪರಿಶೋಧಕರ ಕಚೇರಿಗಳೂ ಇದಕ್ಕೆ ಹೊರತಲ್ಲ. ಕಕ್ಷಿದಾರರ ತೆರಿಗೆ ಪಾಸ್‌ವರ್ಡುಗಳು ಒಂದೇ ನೋಟ್ ಪುಸ್ತಕದಲ್ಲಿರುವ ಕಚೇರಿಗಳುಂಟು. ಹೀಗಿದ್ದಾಗ ಕಡತ ಅಳಿಸಿಹೋದರೆ ಅಳಿಸಿದವರಾರೆಂದು ಯಾವ ಜಾಡೂ ಹೇಳಲಾರದು. ಪರಿಶೀಲನೆಗೆಂದೇ ಬೇರೆ ಹೆಸರು ಇರಬೇಕು; ಅದಕ್ಕೆ ಓದುವ ಅಧಿಕಾರ ಮಾತ್ರ, ಅದೂ ಆ ಒಂದು ಫೋಲ್ಡರಿಗೆ ಮಾತ್ರ. ಒಡೆಯನ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿಗೆ ಒಳಪಡುತ್ತದೆ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವುಂಟು. ಆದ್ದರಿಂದ ಹೊರಗಿನ ಪರಿಶೋಧಕನಿಗೆ ಕೊಡುವ ಅನುಮತಿ ಬರಹದಲ್ಲಿರಲಿ.

ಹಂಚಿಕೆಯ ಫೋಲ್ಡರನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದಂತೂ ಸಲ್ಲದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಹರಡಿದ್ದು ವಿಂಡೋಸ್‌ನ ಈ ಹಂಚಿಕೆ ವ್ಯವಸ್ಥೆಯ ಹಳೆಯ ಆವೃತ್ತಿಯ ದೋಷದಿಂದಲೇ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು, ಹಾಕಿಕೊಳ್ಳದವರು ತೊಂದರೆಗೊಳಗಾದರು. ಎರಡು ಕಚೇರಿಗಳ ನಡುವೆ ವಿಪಿಎನ್ ಸಂಪರ್ಕವಿರಲೇಬೇಕು.

ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲೇ ಸದಸ್ಯರು ಈ ಏರ್ಪಾಟು ಮಾಡಿಕೊಳ್ಳುವುದು ಒಳಿತು. ಕಣದಲ್ಲಿ ಹಣ್ಣು ಬಿದ್ದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ವರದಿಯ ಪುಸ್ತಕದಲ್ಲಿ "ಇದೆ", "ಇಲ್ಲ" ಎಂಬ ಎರಡು ಅಂಕಣಗಳ ಜೊತೆಗೆ "ತಿಳಿಯಲಿಲ್ಲ" ಎಂಬ ಮೂರನೆಯ ಅಂಕಣವೂ ಇರಲಿ. ಮಳೆಗಾಲದಲ್ಲಿ ಆ ಅಂಕಣವೇ ಎರಡು ದಿನ ತುಂಬಿದರೆ, ಮೂರನೆಯ ದಿನ ಪೇಟೆಗೆ ಬರುವ ತೋಟದ ಜೀಪಿನಲ್ಲಿ ಹಾರ್ಡ್ ಡಿಸ್ಕ್ ತರಿಸಿಕೊಳ್ಳಬಹುದು.