ಎಣಿಕೆಯ ಪ್ರವಾಸ ಸಾಕು

ಪುಣೆಯಿಂದ ಮಹಾಬಳೇಶ್ವರ ಸುಮಾರು 120 ಕಿ.ಮೀ. ಘಾಟು ಹತ್ತಿಳಿದು ಹೋಗಿಬರುವುದಕ್ಕೇ ಏಳು ಗಂಟೆ. ಗೈಡಿನೊಡನೆ ಹನ್ನೆರಡು ಗಂಟೆಯ ಪ್ರವಾಸವೆಂದರೆ ಉಳಿದದ್ದು ಐದು. ಊಟಕ್ಕೊಂದು ಗಂಟೆ ಕಳೆಯಿರಿ. ‘ಹತ್ತು ಪಾಯಿಂಟು’ಗಳಿಗೆ ತಲಾ 24 ನಿಮಿಷ, ಬಸ್ಸು ಹತ್ತಿಳಿಯುವುದೂ ಸೇರಿ! ಇದನ್ನು ಬೆಟ್ಟ ನೋಡುವುದೆನ್ನಬೇಕೇ?

ಸ್ಟ್ರಾಬೆರಿ ಅಂಗಡಿಯಲ್ಲಿ ಧಾರಾಳವಾಗಿ ನಿಲ್ಲಿಸುವ ಗೈಡು ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಸೀಟಿ ಊದುತ್ತಾನೆ. ಅಲ್ಲಿ ಕಲ್ಲಿನ ಗೋಮುಖದಿಂದ ಬೀಳುವ ಕೃಷ್ಣೆಯೇ ಆಲಮಟ್ಟಿಯ ಅಣೆಕಟ್ಟು ತುಂಬುವವಳು. ವಿಜಯಪುರ, ಬಾಗಲಕೋಟೆ ಮೂಲದ ನಮ್ಮ ಮಕ್ಕಳಿಗೆ ಇದನ್ನು ಹೇಳುವವರಾರು?

ಕೊಟ್ಟ ಹಣಕ್ಕೆ ಹೆಚ್ಚು ಸ್ಥಳ ಬೇಕೆನ್ನುವವರುಂಟು. ತೂಗಿ ಕೊಳ್ಳಲು ಸ್ಥಳವೇನು ತರಕಾರಿಯೇ? ಸಂಘದ ಮುಂದಿನ ಪ್ರವಾಸದಲ್ಲಿ ಎರಡೇ ಇರಲಿ: ಆ ಗುಡಿ, ಒಂದು ಕಣಿವೆ. ವಿವರಿಸಲು ನಮ್ಮವರೇ ಒಬ್ಬರಿರಲಿ.